‘ಕಲೆ ಮಾಯ’ ಎಂದು ಬರೆಯಲು ಒಪ್ಪದವರಿಗೆ ಸೌಂದರ್ಯ ಬರಹದ ವೃತ್ತಿಯಲ್ಲಿ ಜಾಗವಿದೆಯೇ?

ಟಿಳಕವಾಡಿ ಲೇಖನಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಕನ್ನಡ ಎಂ.ಎ. ಮುಗಿಸಿ, ಒಂದು ಪತ್ರಿಕೆಯ ಮಹಿಳಾ ಪುರವಣಿಯಲ್ಲಿ ಕರಡು ತಿದ್ದುತ್ತಿದ್ದ ನಾನು ಕಳೆದ ಆರು ವರ್ಷಗಳಿಂದ ಮನೆಯಲ್ಲಿಯೇ ಕುಳಿತು ತ್ವಚೆ ಆರೈಕೆಯ ಕಂಪನಿಗಳಿಗೆ ಬರೆಯುತ್ತಿದ್ದೇನೆ. ಡಬ್ಬಿಯ ಹಿಂಬದಿಯ ನಾಲ್ಕು ಸಾಲು, ಜಾಲತಾಣದ ಉತ್ಪನ್ನ ವಿವರಣೆ, ಬಳಸುವ ಕ್ರಮ, ಬೇರೆಯವರು ಬರೆದ ಲೇಖನಗಳ ಸಂಪಾದನೆ, ಹೀಗೆ ಕೈಗೆ ಬಂದ ಕೆಲಸವನ್ನೆಲ್ಲ ಮಾಡಿದ್ದೇನೆ. ಬೆಳಗಾವಿಯವಳಾದ್ದರಿಂದ ಮರಾಠಿ ಪ್ರತಿಯನ್ನೂ ನೋಡಿಕೊಡಿ ಎಂಬ ಬೇಡಿಕೆ ಬರುತ್ತದೆ. ಅದಕ್ಕೆ ಬೇರೆ ಹಣ ಕೊಡಬೇಕು ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಈಗಿನ ತೊಂದರೆ ಹೀಗಿದೆ. ಹೆಸರು ಹೇಳಲು ಇಷ್ಟವಿಲ್ಲದ ಒಂದು ಕಂಪನಿಯ ಸೀರಮ್ಮಿಗೆ ಇಂಗ್ಲಿಷ್ ಬರಹ ಬಂದಿತ್ತು. ಅದರ ಅರ್ಥಕ್ಕೆ ಸರಿಯಾಗಿ ನಾನು ‘ನಾಲ್ಕು ವಾರಗಳ ನಿಯಮಿತ ಬಳಕೆಯಿಂದ ಕಪ್ಪು ಕಲೆಗಳು ತಿಳಿಯಾದಂತೆ ಕಾಣುತ್ತವೆ’ ಎಂದು ಬರೆದೆ. ಕಂಪನಿಯ ಮಾರಾಟ ವಿಭಾಗದವರು ಅದನ್ನು ‘ನಾಲ್ಕೇ ವಾರಗಳಲ್ಲಿ ಬಂಗು ಮಾಯ!’ ಎಂದು ಬದಲಿಸಿದರು. ಇಂಗ್ಲಿಷ್ ಪುಟದಲ್ಲಿ ಈ ಮಾತು ಇಲ್ಲವಲ್ಲ ಎಂದು ಕೇಳಿದ್ದಕ್ಕೆ, ‘ಕನ್ನಡದ ಗ್ರಾಹಕರಿಗೆ ನೇರವಾಗಿ ಹೇಳದಿದ್ದರೆ ತಿಳಿಯುವುದಿಲ್ಲ’ ಎಂಬ ಉತ್ತರ ಬಂತು. ಮಾತಿನ ಬಾಲದಲ್ಲಿ ಒಂದು ನಕ್ಷತ್ರದ ಗುರುತು ಇಟ್ಟಿದ್ದಾರೆ. ಅದರ ಟಿಪ್ಪಣಿ ಪುಟದ ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿದೆ.

ನಾನು ಒಪ್ಪಲಿಲ್ಲ. ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂಬ ಧಾಟಿಯಲ್ಲಿ ಮಿಂಚಂಚೆ ಬಂದು ಕುಳಿತಿದೆ. ನನ್ನ ಮಾಸಿಕ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿಂದಲೇ ಬರುತ್ತದೆ. ಈ ವೃತ್ತಿಯಲ್ಲಿ ಹೆಚ್ಚು ಕಾಲ ಇದ್ದವರು ಇಂಥ ಸಂದರ್ಭದಲ್ಲಿ ಏನು ಮಾಡಿದಿರಿ? ಹಟ ಹಿಡಿದು ಉಳಿಯಲು ಸಾಧ್ಯವೇ?

ಖಡೇಬಜಾರದ ಕಾಕಾ (ಬೆಳಗಾವಿ)

ತಂಗೀ, ಮೂವತ್ತು ವರ್ಷಗಳಿಂದ ಸ್ನೋ, ಪೌಡರು, ಸಾಬೂನು ಮಾರುತ್ತಿರುವವನ ಮಾತನ್ನು ಸ್ವಲ್ಪ ಕೇಳಿ. ಅಂಗಡಿಗೆ ಬಂದವರು ‘ಇದನ್ನ ಹಚ್ಚಿದ್ರ ಮುಖ ತಿಳಿ ಆಗತೈತೇನ್ರಿ?’ ಎಂದು ಕೇಳುತ್ತಾರೆಯೇ ಹೊರತು ಡಬ್ಬಿ ತಿರುಗಿಸಿ ಓದುವವರು ನೂರಕ್ಕೆ ಒಬ್ಬರೂ ಇಲ್ಲ. ಜಾಹೀರಾತು ಎಂದ ಮೇಲೆ ಉತ್ಪ್ರೇಕ್ಷೆ ಇದ್ದದ್ದೇ. ಒಂದು ಪದಕ್ಕಾಗಿ ಅರ್ಧ ಆದಾಯ ಕಳೆದುಕೊಳ್ಳುವುದು ಜಾಣತನ ಎಂದು ನನಗೆ ಅನ್ನಿಸುವುದಿಲ್ಲ.

ನವನಗರ ಔಷಧಿ (ಬಾಗಲಕೋಟೆ)

ಕಾಕಾ ಅವರೇ, ಒಂದು ಪದ ಎಂದು ಸಣ್ಣದಾಗಿ ಹೇಳಿಬಿಟ್ಟಿರಿ. ಆ ಒಂದು ಪದದಿಂದಲೇ ಸೌಂದರ್ಯವರ್ಧಕವು ಔಷಧಿಯ ಗೆರೆಯನ್ನು ದಾಟುತ್ತದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ, ಶುಚಿಗೊಳಿಸಲು, ಅಂದ ಹೆಚ್ಚಿಸಲು ಅಥವಾ ಕಾಣುವ ರೂಪವನ್ನು ಬದಲಿಸಲು ಮೈಗೆ ಹಚ್ಚುವ, ಸುರಿಯುವ, ಸಿಂಪಡಿಸುವ ವಸ್ತುವು ಸೌಂದರ್ಯವರ್ಧಕ. ರೋಗವನ್ನು ಗುಣಪಡಿಸಲು, ತಡೆಯಲು ಕೊಡುವುದು ಔಷಧಿ. ಅದಕ್ಕೆ ಪರವಾನಗಿಯೇ ಬೇರೆ. ಸೌಂದರ್ಯವರ್ಧಕಗಳಿಗೆಂದೇ 2020ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಬಳಸುವವರಿಗೆ ಸುಳ್ಳು ಅಥವಾ ತಪ್ಪು ಕಲ್ಪನೆ ಕೊಡುವ ಮಾತು ಸೌಂದರ್ಯವರ್ಧಕದ ಮೇಲೆ ಇರಬಾರದು ಎಂದು ಆ ನಿಯಮಗಳು ಹೇಳುತ್ತವೆ.

‘ಕಲೆ ತಿಳಿಯಾದಂತೆ ಕಾಣುತ್ತದೆ’ ಎಂಬುದು ರೂಪದ ಮಾತು. ‘ಬಂಗು ಮಾಯ’ ಎಂಬುದು ಚಿಕಿತ್ಸೆಯ ಮಾತು. ನಮ್ಮ ಅಂಗಡಿಯಲ್ಲಿ ಇವೆರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡುತ್ತೇವೆ.

ಹಳೆಗನ್ನಡದ ಹುಚ್ಚ (ಜಮಖಂಡಿ)

ಕಾಕಾ ಅವರು ‘ಉತ್ಪ್ರೇಕ್ಷೆ’ ಎಂಬ ಪದ ಬಳಸಿದ್ದರಿಂದ ಸುಮ್ಮನಿರಲಾಗುತ್ತಿಲ್ಲ, ಕ್ಷಮಿಸಿ. ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷೆ ಎಂದರೆ ಒಂದನ್ನು ಇನ್ನೊಂದೋ ಎಂಬಂತೆ ಭಾವಿಸಿ ಹೇಳುವುದು. ‘ಅಂತೆ’, ‘ಏನೋ ಎಂಬಂತೆ’ ಎಂಬ ಗುರುತುಗಳು ಅದಕ್ಕೆ ಇರುತ್ತವೆ. ಹಾಗೆ ನೋಡಿದರೆ ನಮ್ಮ ಲೇಖಕಿಯವರ ‘ತಿಳಿಯಾದಂತೆ ಕಾಣುತ್ತವೆ’ ಎಂಬುದೇ ಉತ್ಪ್ರೇಕ್ಷೆಗೆ ಹತ್ತಿರ. ಕಂಪನಿಯವರು ಬರೆದದ್ದು ಲೋಕದ ಮಿತಿಯನ್ನು ಮೀರಿದ ಮಾತು, ಅದು ಅತಿಶಯೋಕ್ತಿ. ನವನಗರದವರ ವಿವರಣೆಯನ್ನು ಓದಿದ ಮೇಲೆ, ಕಾಯ್ದೆಯು ಮೊದಲನೆಯದಕ್ಕೆ ಒಪ್ಪಿ ಎರಡನೆಯದನ್ನು ಬೇಡವೆನ್ನುತ್ತದೆ ಎಂದು ತಿಳಿದುಕೊಂಡೆ.

ಖಡೇಬಜಾರದ ಕಾಕಾ

ಅಲಂಕಾರ ಕಲಿಯಲು ಅಂಗಡಿ ಮುಚ್ಚಬೇಕಾಗುತ್ತದೆ ಈಗ.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಲೇಖನಿ ತಂಗೀ, ನಾನು ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲ ಐದು ವರ್ಷ ಬರೆದೆ, ಆಮೇಲೆ ಹೆಚ್ಚಾಗಿ ತಿದ್ದುತ್ತಿದ್ದೇನೆ. ನಿಮಗೆ ಬಂದ ಮಿಂಚಂಚೆ ನನಗೂ ಮೂರು ಬಾರಿ ಬಂದಿದೆ. ಎರಡು ಬಾರಿ ಕೆಲಸ ಹೋಯಿತು, ಒಮ್ಮೆ ಅವರೇ ಮರಳಿ ಕರೆದರು. ಆದ್ದರಿಂದ ಹಟ ಹಿಡಿದವರಿಗೆಲ್ಲ ಒಳ್ಳೆಯದಾಗುತ್ತದೆ ಎಂದು ಸುಳ್ಳು ಧೈರ್ಯ ಹೇಳಲಾರೆ.

ಆದರೆ ಜಗಳ ಆಡುವ ರೀತಿ ಒಂದಿದೆ. ‘ನನ್ನ ಮನಸ್ಸಿಗೆ ಒಪ್ಪುವುದಿಲ್ಲ’ ಎಂದು ಬರೆದರೆ ಮಾರಾಟ ವಿಭಾಗದವರಿಗೆ ಅದು ಬರಹಗಾರ್ತಿಯ ಸೊಕ್ಕಿನಂತೆ ಕೇಳಿಸುತ್ತದೆ. ‘ಈ ಮಾತಿಗೆ ಆಧಾರವಾದ ಪರೀಕ್ಷಾ ವರದಿಯನ್ನು ಕಳಿಸಿಕೊಡಿ, ಅದರಲ್ಲಿರುವ ಪದವನ್ನೇ ಕನ್ನಡಿಸುತ್ತೇನೆ’ ಎಂದು ಬರೆಯಿರಿ. ವರದಿ ಎಂಬುದು ಇದ್ದರೆ ಅದರಲ್ಲಿ ಎಷ್ಟು ಜನ, ಎಷ್ಟು ವಾರ, ಅಳತೆ ಮಾಡಿದ್ದು ಯಂತ್ರವೋ ಅಥವಾ ಬಳಸಿದವರ ಅಭಿಪ್ರಾಯವೋ ಎಂಬುದೆಲ್ಲ ಇರುತ್ತದೆ. ‘ಹತ್ತರಲ್ಲಿ ಒಂಬತ್ತು ಮಂದಿಗೆ ಚರ್ಮ ಮೃದುವಾದಂತೆ ಅನ್ನಿಸಿತು’ ಎಂಬುದಕ್ಕೂ ‘ಒಂಬತ್ತು ಮಂದಿಯ ಚರ್ಮ ಮೃದುವಾಯಿತು’ ಎಂಬುದಕ್ಕೂ ಇರುವ ಅಂತರವನ್ನು ಕಾಯುವುದೇ ಸಂಪಾದಕರಿಗೆ ಸಂಬಳ ಬರುವ ಕಾರಣ. ಇಂಗ್ಲಿಷಿನಲ್ಲಿ ಆ ಅಂತರವನ್ನು ವಕೀಲರು ಕಾಯುತ್ತಾರೆ. ಕನ್ನಡ ಪ್ರತಿಯನ್ನು ಓದುವ ವಕೀಲರು ಆ ಕಚೇರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಅಲ್ಲಿ ಸೋಸಿ ಬಂದ ನೀರಿಗೆ ಇಲ್ಲಿ ಮಣ್ಣು ಬೆರೆಯುತ್ತದೆ.

ಇನ್ನು ಆ ನಕ್ಷತ್ರದ ಟಿಪ್ಪಣಿ. ತಪ್ಪು ದಾರಿಗೆ ಎಳೆಯುವ ಜಾಹೀರಾತುಗಳನ್ನು ತಡೆಯಲು 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯಲ್ಲಿ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರಾ ಕೂಡ ಅದೇ ಭಾಷೆಯಲ್ಲಿ ಇರಬೇಕು ಎಂದಿದೆ. ಮುಖ್ಯ ಮಾತಿಗೆ ವಿರುದ್ಧವಾದುದನ್ನು ಷರಾದಲ್ಲಿ ಹೇಳುವಂತಿಲ್ಲ ಎಂದೂ ಇದೆ. ಕನ್ನಡದಲ್ಲಿ ‘ಮಾಯ’ ಎಂದು ಕೂಗಿ, ಇಂಗ್ಲಿಷಿನಲ್ಲಿ ‘ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು’ ಎಂದು ಪಿಸುಗುಟ್ಟಿದರೆ ಎರಡೂ ಕಡೆ ತಪ್ಪಿದಂತೆ. ಪ್ರಾಧಿಕಾರಕ್ಕೆ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರವಿದೆ. ಈ ಎರಡು ಸಂಖ್ಯೆಗಳನ್ನು ವಿನಯದಿಂದ ನಿಮ್ಮ ಉತ್ತರದಲ್ಲಿ ಸೇರಿಸಿ ನೋಡಿ.

ಟಿಳಕವಾಡಿ ಲೇಖನಿ

ಅಕ್ಕಾ, ಷರಾದ ಭಾಷೆಯ ಬಗ್ಗೆ ನನಗೆ ಗೊತ್ತೇ ಇರಲಿಲ್ಲ. ಆರು ವರ್ಷ ಈ ಕೆಲಸ ಮಾಡಿ ಇದು ಗೊತ್ತಿಲ್ಲದ್ದಕ್ಕೆ ನಾಚಿಕೆಯೂ ಆಗುತ್ತಿದೆ. ನಾಳೆಯೇ ಬರೆಯುತ್ತೇನೆ.

ಸಂಶಯ ಸಿದ್ಧಪ್ಪ (ಚಿಕ್ಕೋಡಿ)

ನನಗೆ ಬೇರೆಯೇ ಪ್ರಶ್ನೆ. ಈಗ ಯಂತ್ರವೇ ಒಂದು ನಿಮಿಷದಲ್ಲಿ ಕನ್ನಡ ಬರೆದು ಕೊಡುತ್ತಿರುವಾಗ, ಇನ್ನೈದು ವರ್ಷಗಳಲ್ಲಿ ಈ ವೃತ್ತಿಯೇ ಇರುತ್ತದೆಯೇ? ಮುಳುಗುವ ದೋಣಿಯಲ್ಲಿ ಕುಳಿತು ಹಾಯಿಪಟದ ಬಣ್ಣಕ್ಕೆ ಜಗಳವಾಡಿದಂತೆ ಕಾಣುತ್ತಿದೆ.

ಗುಮ್ಮಟದ ಪ್ರತಿಧ್ವನಿ

ಸಿದ್ಧಪ್ಪನವರೇ, ಕಳೆದ ತಿಂಗಳು ಯಂತ್ರ ಕನ್ನಡಿಸಿದ ನಲವತ್ತು ಪುಟಗಳು ತಿದ್ದಲು ಬಂದಿದ್ದವು. ಮುಖಕ್ಕೆ ಹಚ್ಚುವ ಫೌಂಡೇಶನ್ನಿಗೆ ‘ಅಡಿಪಾಯ’ ಎಂದಿತ್ತು. ಪ್ಯಾಚ್ ಟೆಸ್ಟ್, ಅಂದರೆ ಮೊದಲು ಚರ್ಮದ ಸಣ್ಣ ಭಾಗಕ್ಕೆ ಹಚ್ಚಿ ನೋಡುವ ಪರೀಕ್ಷೆ, ಮಾಡಿಕೊಳ್ಳಿ ಎಂಬುದು ‘ತೇಪೆ ಪರೀಕ್ಷೆ ನಡೆಸಿ’ ಎಂದಾಗಿತ್ತು. ಒಂದೇ ಕ್ರೀಮಿನ ವಿವರಣೆಯಲ್ಲಿ ಮೊದಲ ಸಾಲು ‘ಹೊಳಪು ಕೊಡುತ್ತದೆ’, ಮೂರನೆಯ ಸಾಲು ‘ಹೊಳಪನ್ನು ತಡೆಯುತ್ತದೆ’. ಒಂದು ಕಡೆ ‘ಕಾಂತಿ’ ಎಂದು, ಇನ್ನೊಂದು ಕಡೆ ‘ಜಿಡ್ಡು’ ಎಂದು ಬರೆಯಬೇಕಿತ್ತು. ಇದನ್ನು ತಿದ್ದಲು ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಸಿಕ್ಕ ಹಣ ಮಾತ್ರ ಬರೆಯುವ ದರದ ಮೂರನೇ ಒಂದು ಭಾಗ. ವೃತ್ತಿ ಇರುತ್ತದೆ. ದರ ಇರುತ್ತದೆಯೇ ಎಂಬುದೇ ನನ್ನ ಚಿಂತೆ.

ಸಂಶಯ ಸಿದ್ಧಪ್ಪ

‘ಅಡಿಪಾಯ’ ಚೆನ್ನಾಗಿಯೇ ಇದೆ. ಮದುವೆಯ ಮುಖಗಳನ್ನು ನೋಡಿದ್ದೇನೆ, ಅದು ಕಟ್ಟಡದ ಕೆಲಸವೇ.

ಇಳಕಲ್ ಸೆರಗು (ಇಳಕಲ್ಲ)

ನಾನು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಸಿದ್ಧಪ್ಪನವರ ಕಟ್ಟಡದ ಮಾತಿಗೆ ಆಮೇಲೆ ಉತ್ತರ ಕೊಡುತ್ತೇನೆ. ಬರೆಯುವವರ ಮೇಲೆ ನನಗೊಂದು ದೂರಿದೆ. ನೀವೆಲ್ಲ ‘ಏನಾಗುತ್ತದೆ’ ಎಂಬುದಕ್ಕೆ ಹತ್ತು ಸಾಲು ಬರೆಯುತ್ತೀರಿ, ‘ಎಷ್ಟು ಹಚ್ಚಬೇಕು’ ಎಂಬುದಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ. ಸನ್‌ಸ್ಕ್ರೀನ್ ಕೊಂಡ ಗಿರಾಕಿ ಅದನ್ನು ಸ್ನೋ ಹಚ್ಚಿಕೊಂಡಂತೆ ಕಡಲೆಕಾಳಿನಷ್ಟು ತೆಗೆದುಕೊಂಡು ಮುಖ, ಕುತ್ತಿಗೆ ಎರಡಕ್ಕೂ ಸವರಿ, ಬಿಸಿಲಿಗೆ ಹೋಗಿ ಬಂದು, ‘ನಿನ್ನ ಕ್ರೀಮು ಉಪಯೋಗ ಇಲ್ಲವ್ವಾ’ ಎಂದು ನನ್ನನ್ನು ಬೈಯುತ್ತಾಳೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿಕೊಳ್ಳಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಲು ಏನು ಕಷ್ಟ?

ನವನಗರ ಔಷಧಿ

ಸೆರಗು ವೈನಿ ಹೇಳಿದ್ದು ಸರಿಯಾಗಿದೆ. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ತೋರಿಸುವ, ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಅದಕ್ಕಿಂತ ಕಡಿಮೆ ಹಚ್ಚಿದರೆ ಆ ಸಂಖ್ಯೆ ನಿಜವಾಗುವುದಿಲ್ಲ. ಇನ್ನೊಂದು ಗೊಂದಲವನ್ನೂ ಬರಹಗಾರರು ಬೆಳೆಸಿದ್ದಾರೆ. ಎಸ್‌ಪಿಎಫ್ 30 ಇದ್ದದ್ದು ಚರ್ಮವನ್ನು ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು 97 ಶೇಕಡಾ ತಡೆದರೆ, 50 ಇದ್ದದ್ದು ಸುಮಾರು 98 ಶೇಕಡಾ ತಡೆಯುತ್ತದೆ. ‘ಹೆಚ್ಚುಕಡಿಮೆ ಎರಡು ಪಟ್ಟು ರಕ್ಷಣೆ’ ಎಂದು ಬರೆದದ್ದನ್ನು ನಾನೇ ಓದಿದ್ದೇನೆ.

ಗುಮ್ಮಟದ ಪ್ರತಿಧ್ವನಿ

ಸೆರಗು ಅವರ ದೂರನ್ನು ತಲೆಬಾಗಿ ಒಪ್ಪುತ್ತೇನೆ, ಒಂದು ವಿವರಣೆಯೊಂದಿಗೆ. ಬಳಸುವ ಕ್ರಮವನ್ನು ನಾವು ಬರೆದೇ ಕೊಟ್ಟಿರುತ್ತೇವೆ. ಡಬ್ಬಿಯಲ್ಲಿ ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ವಿಟಮಿನ್ ಎಯ ಒಂದು ರೂಪವಾದ ರೆಟಿನಾಲ್ ಇರುವ ಒಂದು ಕ್ರೀಮಿನ ಕನ್ನಡ ಪ್ರತಿಯಲ್ಲಿ ‘ರಾತ್ರಿ ಮಾತ್ರ ಹಚ್ಚಿ, ಬೆಳಿಗ್ಗೆ ಸನ್‌ಸ್ಕ್ರೀನ್ ಬಳಸಿ, ಗರ್ಭಿಣಿಯರು ಬಳಸಬೇಡಿ’ ಎಂಬ ಸಾಲನ್ನೇ ತೆಗೆದು ‘ರಾಣಿಯಂತೆ ಮೆರೆಯಿರಿ’ ಎಂಬುದನ್ನು ಉಳಿಸಿಕೊಂಡಿದ್ದರು. ಅಂದು ಮಾತ್ರ ನಾನು ದೂರವಾಣಿಯಲ್ಲೇ ಜಗಳವಾಡಿದೆ. ರಾಣಿ ಹೋದಳು, ಎಚ್ಚರಿಕೆ ಉಳಿಯಿತು.

ಬಿಳಿ ಕೋಟು (ಬೆಳಗಾವಿ)

ಚರ್ಮರೋಗ ವೈದ್ಯನಾಗಿ ನಾಲ್ಕು ಮಾತು. ಬಂಗು ಎಂಬುದು ಬಿಸಿಲು, ಹಾರ್ಮೋನು, ಮನೆತನ ಎಲ್ಲವೂ ಸೇರಿ ಬರುವ ತೊಂದರೆ. ಚಿಕಿತ್ಸೆಯಿಂದ ತಿಳಿಯಾದ ಮೇಲೂ ಬಿಸಿಲಿಗೆ ಮರಳಿ ಬರುವ ಸ್ವಭಾವ ಅದಕ್ಕಿದೆ. ಅದನ್ನು ನಾಲ್ಕು ವಾರಗಳಲ್ಲಿ ಮಾಯ ಮಾಡುವ ಸೀರಮ್ ಇದ್ದಿದ್ದರೆ ನಾನೇ ಸಾಲು ನಿಂತು ಕೊಳ್ಳುತ್ತಿದ್ದೆ.

ನನ್ನ ನಿಜವಾದ ಭಯ ಬೇರೆ. ‘ಮಾಯ’ ಎಂಬ ಭರವಸೆಗೆ ಒಗ್ಗಿಹೋದವರು ಸೀರಮ್‌ನಿಂದ ಹಾಗಾಗದಿದ್ದಾಗ, ಯಾರೋ ಹೇಳಿದರೆಂದು ಸ್ಟೀರಾಯ್ಡ್ ಇರುವ ಮುಲಾಮನ್ನು ತಂದು ಮುಖಕ್ಕೆ ಹಚ್ಚುತ್ತಾರೆ. ಅದು ವಾರದಲ್ಲಿ ಬೆಳ್ಳಗೆ ಮಾಡಿ ತೋರಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಕೂದಲು, ಮೊಡವೆ ಎದ್ದು, ಬಿಟ್ಟರೆ ಉರಿಯುವ ಸ್ಥಿತಿಗೆ ಬರುತ್ತದೆ. 2018ರಲ್ಲಿ ಸರ್ಕಾರವು ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದರೂ ನನ್ನಲ್ಲಿಗೆ ಬರುವವರ ಸಂಖ್ಯೆ ನಿಂತಿಲ್ಲ.

ಇನ್ನು ತೊನ್ನಿನ ಬಗ್ಗೆ ಯಾರಾದರೂ ‘ಗುಣವಾಗುತ್ತದೆ’ ಎಂಬ ಜಾಹೀರಾತು ಬರೆಸಲು ಬಂದರೆ ಬರೆಯಲೇಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ, ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡಬಾರದ 54 ಕಾಯಿಲೆಗಳ ಪಟ್ಟಿಯಲ್ಲಿ ಅದು ಇದೆ.

ಖಡೇಬಜಾರದ ಕಾಕಾ

ಡಾಕ್ಟರ್ ಸಾಹೇಬರೇ, ‘ಡರ್ಮಟಾಲಜಿಕಲಿ ಟೆಸ್ಟೆಡ್’ ಎಂದು ಬರೆದ ಡಬ್ಬಿಗಳನ್ನು ನಿಮ್ಮಂಥವರೇ ಒಪ್ಪಿ ಕಳಿಸಿದ್ದೆಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ. ಅದು ಸರಿ ತಾನೆ?

ಬಿಳಿ ಕೋಟು

ದಯವಿಟ್ಟು ಹಾಗೆ ಹೇಳಬೇಡಿ. ಚರ್ಮದ ಮೇಲೆ ಪರೀಕ್ಷೆ ನಡೆದಿದೆ ಎಂಬುದಷ್ಟೇ ಅದರ ಅರ್ಥ. ಪರೀಕ್ಷೆಯಲ್ಲಿ ಏನು ಕಂಡಿತು, ಗುಣ ಎಷ್ಟು ಎಂಬ ವಿಷಯ ಅದರಲ್ಲಿ ಇಲ್ಲ. ಪರೀಕ್ಷೆಗೆ ಕುಳಿತವರೆಲ್ಲ ಪಾಸಾದರು ಎಂದು ಓದಿಕೊಳ್ಳುವುದು ತಪ್ಪು.

ಹಳೆಗನ್ನಡದ ಹುಚ್ಚ

ಪದಗಳ ಬಗ್ಗೆ ಒಂದು ಪ್ರಶ್ನೆ ಕೇಳಬಹುದೇ? ನೀವೆಲ್ಲ ‘ತ್ವಚೆ’ ಎಂದು ಏಕೆ ಬರೆಯುತ್ತೀರಿ? ‘ತೊಗಲು’ ಎಂಬ ಅಚ್ಚ ಕನ್ನಡದ ಪದ ಇರುವಾಗ ಸಂಸ್ಕೃತದ ಹಂಗೇಕೆ?

ಗುಮ್ಮಟದ ಪ್ರತಿಧ್ವನಿ

‘ನಿಮ್ಮ ತೊಗಲಿಗೆ ಹೊಸ ಮೆರುಗು’ ಎಂದು ಬರೆದರೆ ಓದುಗರಿಗೆ ಚಪ್ಪಲಿ ಪಾಲಿಶ್ ನೆನಪಾಗುತ್ತದೆ, ಸ್ವಾಮಿ. ‘ಚರ್ಮ’ ಎಂದರೆ ಆಸ್ಪತ್ರೆಯ ವಾಸನೆ ಬರುತ್ತದೆ ಎಂದು ಕಂಪನಿಗಳಿಗೆ ಅಂಜಿಕೆ. ಹಾಗಾಗಿ ತೊಂದರೆಯನ್ನು ಹೇಳುವಾಗ ಚರ್ಮ, ಆರೈಕೆಯನ್ನು ಹೇಳುವಾಗ ತ್ವಚೆ ಎಂಬ ಹಂಚಿಕೆ ತಾನಾಗಿಯೇ ಬೆಳೆದುಬಂದಿದೆ. ನನ್ನನ್ನು ಕೇಳಿದರೆ ಎಷ್ಟೋ ಕಡೆ ಮೂರೂ ಬೇಡ. ‘ಮುಖ’, ‘ಮೈ’, ‘ಕೈಕಾಲು’ ಎಂದರೆ ಸಾಕು. ಮನೆಯಲ್ಲಿ ಯಾರೂ ‘ನನ್ನ ತ್ವಚೆ ಒಣಗಿದೆ’ ಎನ್ನುವುದಿಲ್ಲ, ‘ಮೈ ಒಡೆದಿದೆ’ ಎನ್ನುತ್ತಾರೆ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಮೊದಲ ವರ್ಷ ಒಂದು ಕ್ರೀಮಿಗೆ ‘ಮುಖದಲ್ಲಿ ಬಿಳುಪು ಮೂಡುತ್ತದೆ’ ಎಂದು ಬರೆದು ನಮ್ಮ ಅವ್ವನಿಗೆ ಓದಿ ತೋರಿಸಿದೆ. ಅವಳು ಗಾಬರಿಯಾಗಿ, ‘ತೊನ್ನು ಬರ್ತದೇನ ಅದನ್ನ ಹಚ್ಚಿದ್ರ?’ ಎಂದು ಕೇಳಿದಳು. ನಮ್ಮ ಕಡೆ ಮೈಬಣ್ಣ ತಿಳಿಯಾಗಿರುವ ಹುಡುಗಿಯನ್ನು ‘ಕೆಂಪಗಿದ್ದಾಳೆ’ ಎನ್ನುತ್ತಾರೆ, ಬಿಳುಪು ಎಂದರೆ ಕಾಯಿಲೆ. ಅಂದಿನಿಂದ ಪ್ರತಿ ಬರಹವನ್ನೂ ಅವಳಿಗೆ ಓದಿಯೇ ಕಳಿಸುತ್ತಿದ್ದೆ, ಸಂಬಳವಿಲ್ಲದ ಸಂಪಾದಕಿ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆದಾಗ ಬೆಳ್ಳಗಾಗುವ ಮಾತನ್ನೇ ಬಿಡಬೇಕೆಂಬ ಗಾಳಿ ಎಲ್ಲ ಕಂಪನಿಗಳಿಗೂ ಬೀಸಿತು. ಅವರೆಲ್ಲ ‘ಗ್ಲೋ’ ಪದಕ್ಕೆ ಕನ್ನಡ ಹುಡುಕುತ್ತಿದ್ದಾಗ ನನಗೆ ಅವ್ವನ ಬಾಯಲ್ಲಿದ್ದ ‘ಮುಖದ ಕಳೆ’ ಸಿಕ್ಕಿತು. ಕಪ್ಪಗಿದ್ದವರ ಮುಖಕ್ಕೂ ಕಳೆ ಇರುತ್ತದೆ.

ಇಳಕಲ್ ಸೆರಗು

‘ಕಳೆ’ ನೋಡಿ ರೈತರು ಕಳೆನಾಶಕ ಎಂದುಕೊಳ್ಳದಿದ್ದರೆ ಸರಿ. ಮತ್ತೆ ಸಿದ್ಧಪ್ಪನವರಿಗೆ: ಕಟ್ಟಡ ನಿಲ್ಲುವುದು ಅಡಿಪಾಯದ ಮೇಲೆಯೇ, ಬಿಲ್ಲು ಕೊಡುವಾಗ ನೆನಪಿರಲಿ.

ಕಾಲೇಜು ಕಟ್ಟೆ (ವಿಜಯಪುರ)

ನಾನು ಇಲ್ಲಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವಳು. ಈ ಕೆಲಸಕ್ಕೆ ಬರಲು ರಸಾಯನಶಾಸ್ತ್ರ ಓದಿರಬೇಕೇ, ಇಲ್ಲ ಕನ್ನಡ ಸಾಕೇ? ಆರಂಭದಲ್ಲಿ ಎಷ್ಟು ಹಣ ಕೇಳಬೇಕು?

ಗುಮ್ಮಟದ ಪ್ರತಿಧ್ವನಿ

ಪದವಿಯನ್ನು ಯಾರೂ ಕೇಳುವುದಿಲ್ಲ, ಮಾದರಿ ಬರಹವನ್ನು ಕೇಳುತ್ತಾರೆ. ಮನೆಯಲ್ಲಿರುವ ಐದು ಡಬ್ಬಿಗಳನ್ನು ಎತ್ತಿಕೊಂಡು ಅವುಗಳ ಕನ್ನಡ ವಿವರಣೆಯನ್ನು ನೀವೇ ಬರೆಯಿರಿ. ರಸಾಯನಶಾಸ್ತ್ರ ಓದಿರದಿದ್ದರೂ ಪದಾರ್ಥಗಳ ಪಟ್ಟಿಯನ್ನು ಓದಲು ಬರಲೇಬೇಕು. ಶೇಕಡಾ 1ಕ್ಕಿಂತ ಹೆಚ್ಚು ಇರುವ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿ ಇರುತ್ತವೆ. ಆಮೇಲಿನವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಡಬ್ಬಿಯ ಮುಂದೆ ಕೇಸರಿಯ ದೊಡ್ಡ ಚಿತ್ರವಿದ್ದು, ಹಿಂದಿನ ಪಟ್ಟಿಯಲ್ಲಿ ಕೇಸರಿಯು ಸುಗಂಧದ ನಂತರ ಕೊನೆಯಲ್ಲಿ ಎಲ್ಲೋ ಇದ್ದರೆ, ‘ಕೇಸರಿ ತುಂಬಿದ’ ಎಂದು ಬರೆಯುವ ಮೊದಲು ಪ್ರಮಾಣ ಎಷ್ಟೆಂದು ಕೇಳುವ ಅಭ್ಯಾಸ ಬೆಳೆಯುತ್ತದೆ.

ಹಣದ ಮಾತಿಗೆ ಬರೋಣ, ಇದನ್ನು ಮಾತ್ರ ಬರೆದಿಟ್ಟುಕೊಳ್ಳಿ. ಪದಕ್ಕೆ ಇಷ್ಟು ಎಂದು ದರ ಒಪ್ಪುವಾಗ ಅದು ಇಂಗ್ಲಿಷ್ ಮೂಲದ ಪದಗಳ ಎಣಿಕೆಗೆ ಇರಲಿ. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಒಣಗದಂತಿರಿಸುತ್ತದೆ’ ಎಂಬ ಒಂದು ಪದದಲ್ಲಿ ಇಂಗ್ಲಿಷಿನ ನಾಲ್ಕೈದು ಪದಗಳು ಅಡಗಿ ಕುಳಿತಿವೆ. ನಾನು ಮೊದಲ ಮೂರು ವರ್ಷ ಕನ್ನಡ ಪದಗಳ ಎಣಿಕೆಗೆ ಹಣ ಪಡೆದು, ಚೆನ್ನಾಗಿ ಬಿಗಿಯಾಗಿ ಬರೆದಷ್ಟೂ ಕಡಿಮೆ ಗಳಿಸಿದೆ. ಸಂಧಿ ಮಾಡಿದಾಗಲೆಲ್ಲ ಒಂದು ರೂಪಾಯಿ ಹೋಯಿತು ಎಂದು ಲೆಕ್ಕ ಹಾಕುವ ಸ್ಥಿತಿ ಯಾವ ವ್ಯಾಕರಣ ಓದಿದವರಿಗೂ ಬರಬಾರದು.

ಹಳೆಗನ್ನಡದ ಹುಚ್ಚ

ಲೋಪಸಂಧಿಗೆ ಆ ಹೆಸರು ಏಕೆ ಬಂತೆಂದು ಇಂದು ತಿಳಿಯಿತು.

ಟಿಳಕವಾಡಿ ಲೇಖನಿ

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ಅಕ್ಕ ಹೇಳಿದಂತೆಯೇ ಪರೀಕ್ಷಾ ವರದಿಯನ್ನು ಕೇಳಿದೆ, ಷರಾ ಕನ್ನಡದಲ್ಲಿಯೇ ಇರಬೇಕೆಂಬ ನಿಯಮವನ್ನು ತಿಳಿಸಿದೆ, ಎರಡು ಸಂಖ್ಯೆಗಳನ್ನೂ ಸೇರಿಸಿದೆ. ಎರಡು ದಿನ ಉತ್ತರವಿರಲಿಲ್ಲ. ನಿನ್ನೆ ಕಂಪನಿಯ ಬೇರೆ ಯಾರೋ ಬರೆದಿದ್ದಾರೆ. ವರದಿಯನ್ನು ಕಳಿಸಿಲ್ಲ. ‘ಬಂಗು’ ಪದ ಹೋಗಿದೆ, ‘ಮಾಯ’ ಕೂಡ ಹೋಗಿದೆ. ‘ಕಲೆಗಳು ತಿಳಿಯಾದಂತೆ ಕಾಣುತ್ತವೆ’ ಎಂಬುದನ್ನು ಒಪ್ಪಿ, ಅದರ ಮುಂದೆ ಒಂದು ಉದ್ಗಾರ ಚಿಹ್ನೆ ಇಟ್ಟುಕೊಂಡಿದ್ದಾರೆ. ಇರಲಿ ಎಂದು ಬಿಟ್ಟೆ. ಆದರೆ ಮುಂದಿನ ತಿಂಗಳಿಂದ ಕೆಲಸವನ್ನು ‘ಇಬ್ಬರಿಗೆ ಹಂಚುತ್ತೇವೆ’ ಎಂದಿದ್ದಾರೆ. ಅಂದರೆ ನನ್ನ ಪಾಲು ಅರ್ಧವಾಗುತ್ತದೆ. ಆ ಅರ್ಧಕ್ಕೆ ಇಂಗ್ಲಿಷ್ ಪದಗಳ ಎಣಿಕೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಈ ತಿಂಗಳ ಬಿಲ್ಲನ್ನು ಕನ್ನಡ ಎಣಿಕೆಯಲ್ಲೇ ಕಳಿಸಬೇಕು. ‘ತಿಳಿಯಾದಂತೆ’ ಎಂಬುದನ್ನು ಒಂದು ಪದ ಎನ್ನಬೇಕೇ, ಎರಡು ಎನ್ನಬೇಕೇ?

ಹಳೆಗನ್ನಡದ ಹುಚ್ಚ

ತಿಳಿ, ಆದ, ಅಂತೆ. ಬಿಡಿಸಿದರೆ ಮೂರು.

ಖಡೇಬಜಾರದ ಕಾಕಾ

ತಂಗೀ, ಇವರು ಹೇಳಿದಂತೆ ಮೂರೇ ಹಾಕಿ ಕಳಿಸಿರಿ. ಉದ್ಗಾರ ಚಿಹ್ನೆಗೆ ಬೇರೆ ದರ.